ಕಿಡಿಗೂ ಈಡಿಗೂ ನಡುವೆ

“ಗುರುಗಳೇ, ಸಿಟ್ಟು ಹೊತ್ತಿಕೊಂಡ ಮೇಲೆ ಮನುಷ್ಯನ ಕೈಯಲ್ಲಿ ಏನು ಉಳಿದಿರುತ್ತದೆ?”

ಕೇಳಿದವನು ಕರಿಸಿದ್ಧ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಓದಿನಲ್ಲಿ ಚುರುಕು, ದುಡಿಮೆಯಲ್ಲಿ ಗಟ್ಟಿಗ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಹಿಂದಿನ ದಿನ ಅಡುಗೆಮನೆಯಲ್ಲಿ ಅಡುಗೆಯ ಪರ್ವತಯ್ಯ, “ಇಷ್ಟು ಓದಿದರೂ ನಿನ್ನ ಬಾಯಿ ನೆಟ್ಟಗಾಗಲಿಲ್ಲವಲ್ಲೋ” ಎಂದು ನಾಲ್ಕು ಜನರ ಮುಂದೆ ಅಂದಿದ್ದ. ಕರಿಸಿದ್ಧ ಸೌದೆಯ ತುಂಡಿನಿಂದ ಅವನ ತೋಳಿಗೆ ಬಾರಿಸಿದ್ದ. ಮೂಳೆ ಮುರಿದಿರಲಿಲ್ಲ. ಆದರೆ ತೋಳು ಬಾತುಕೊಂಡು, ಅರಿಶಿನದ ಪಟ್ಟು ಹಾಕಿಸಿಕೊಂಡು, ಪರ್ವತಯ್ಯ ಒಳಗೆ ಮಲಗಿದ್ದ. ಹಾಗಾಗಿ ಆ ಬೆಳಿಗ್ಗೆ ಗುರುಗಳೇ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

ಗುರುಗಳು ತಲೆ ಎತ್ತಲಿಲ್ಲ. “ಯಾಕೆ ಕೇಳುತ್ತೀಯ?”

“ಹೋಗಿ ಪರ್ವತಯ್ಯನ ಕಾಲು ಹಿಡಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಹಿಡಿಯಲು ನನಗೆ ಅಹಂಕಾರವಿಲ್ಲ. ಆದರೆ ಹೊಡೆದವನು ನಾನು ಎಂದೇ ನನಗೆ ಅನ್ನಿಸುತ್ತಿಲ್ಲ. ಕಿಡಿ ಹಾರಿತು, ಏಟು ಬಿತ್ತು. ಅವೆರಡರ ನಡುವೆ ನಾನು ಎಲ್ಲಿದ್ದೆ? ಇರಲೇ ಇಲ್ಲ. ಇಲ್ಲದವನು ತಪ್ಪೊಪ್ಪಿಕೊಳ್ಳುವುದು ಹೇಗೆ?”

“ಚೆನ್ನಾಗಿ ಯೋಚಿಸಿದ್ದೀಯ” ಎಂದರು ಗುರುಗಳು. “ಇದರಲ್ಲಿ ಅರ್ಧದಷ್ಟನ್ನು ನಿನ್ನೆಯೇ ಯೋಚಿಸಿದ್ದರೆ ಇವತ್ತು ಪರ್ವತಯ್ಯನ ಕೈಯ ಸಾರು ಉಣ್ಣಬಹುದಿತ್ತು. ಕೂತುಕೋ. ನೀನೂ ಕಲ್ಲು ಆರಿಸು. ಒಂದು ಬೇಟೆಯ ಕತೆ ಹೇಳುತ್ತೇನೆ. ಮಠದಲ್ಲಿ ಬೇಟೆಯ ಕತೆಯೇ ಎಂದು ಹುಬ್ಬು ಏರಿಸಬೇಡ. ನಿನ್ನೆ ಇಲ್ಲಿ ನಡೆದದ್ದೇನು ಭಜನೆಯಲ್ಲ.”

ಕರಿಸಿದ್ಧ ಕೂತ. ಗುರುಗಳು ಹೇಳತೊಡಗಿದರು.

ಬಯಲು ನಾಡಿನಲ್ಲಿ ಒಬ್ಬ ಬೇಟೆಗಾರನಿದ್ದ. ಅರವತ್ತು ದಾಟಿದ ಮುದುಕ. ಅವನ ಆಸ್ತಿ ಎಂದರೆ ಅಪ್ಪ ಬಿಟ್ಟುಹೋದ ಒಂದು ಚಕಮಕಿ ಕೋವಿ ಮತ್ತು ಸಂಪಿ ಎಂಬ ಕಂದು ಬಣ್ಣದ ಹೆಣ್ಣುನಾಯಿ. ಊರಾಚೆಗೆ ದೊಡ್ಡದೊಂದು ಹುಲ್ಲುಗಾವಲಿತ್ತು. ಅದನ್ನು ಕಾವಲು ಎನ್ನುತ್ತಿದ್ದರು. ಅಲ್ಲಿ ಗೌಜಲಹಕ್ಕಿಗಳು ಯಥೇಚ್ಛವಾಗಿದ್ದವು. ಆ ಕಾವಲಿನಲ್ಲಿ ಹಕ್ಕಿ ಹೊಡೆಯುವ ಹಕ್ಕು ಬೇಟೆಗಾರನ ಮನೆಗೆ ಅಜ್ಜನ ಕಾಲದಿಂದ ಬಂದಿತ್ತು. ನಾಡನ್ನು ಆಳುತ್ತಿದ್ದ ನಾಯಕ ವರ್ಷಕ್ಕೊಮ್ಮೆ, ಹುಲ್ಲು ಒಣಗುವ ಹೊತ್ತಿಗೆ, ಅವನನ್ನು ಕರೆಸಿ ವೀಳ್ಯ ಕೊಡುತ್ತಿದ್ದ. ವೀಳ್ಯ ಕೈಗೆ ಬಂತೆಂದರೆ ಆ ವರ್ಷದ ಕಾವಲು ಅವನದು.

ಚಕಮಕಿ ಕೋವಿ ನೀನು ನೋಡಿರಲಾರೆ. ನಾನು ನೋಡಿದ್ದೇನೆ. ಅದು ಸೋಮಾರಿಗಳಿಗೆ ಹೇಳಿಸಿದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ನಾರು ತುರುಕಬೇಕು. ಚರೆ, ಅಂದರೆ ಸೀಸದ ಸಣ್ಣ ಗುಂಡು, ಹಾಕಬೇಕು. ಮತ್ತೆ ನಾರು ತುರುಕಿ ಕಬ್ಬಿಣದ ಗಜದಿಂದ ಗಿಡಿಯಬೇಕು. ನಳಿಗೆಯ ಬುಡದಲ್ಲಿ, ಹೊರಗಡೆಗೆ, ಒಂದು ಪುಟ್ಟ ಬಟ್ಟಲಿರುತ್ತದೆ. ಅದರಲ್ಲಿ ಒಂದು ಚಿಟಿಕೆ ನಯವಾದ ಮದ್ದು ಇಡಬೇಕು. ಅದಕ್ಕೆ ರಂಜಕ ಎಂದು ಹೆಸರು. ಬೆರಳಿನಿಂದ ಕೋವಿಯ ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿಯುತ್ತದೆ. ಕಿಡಿ ಹಾರಿ ರಂಜಕ ಭಗ್ಗೆನ್ನುತ್ತದೆ. ಆ ಬೆಂಕಿ ಸೂಜಿಯಷ್ಟು ಸಣ್ಣ ತೂತಿನಲ್ಲಿ ನುಗ್ಗಿ ಒಳಗಿನ ಮದ್ದನ್ನು ಮುಟ್ಟಬೇಕು. ಆಮೇಲೆ ಈಡು, ಅಂದರೆ ಚರೆ ಹೊರಗೆ ಹಾರುವುದು.

ಅಂದರೆ ಕಿಡಿ ಹಾರಿದ ತಕ್ಷಣ ಈಡು ಹೊರಡುವುದಿಲ್ಲ. ನಡುವೆ ಒಂದಿಷ್ಟು ಹೊತ್ತು ಇದೆ. ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆದರೆ ಅಷ್ಟರಲ್ಲಿ ಹಕ್ಕಿ ಎರಡು ಮಾರು ಮುಂದೆ ಹೋಗಿರುತ್ತದೆ.

ಹೊಸಬರು ಕೆಡುವುದು ಅಲ್ಲೇ. ಕುದುರೆ ಎಳೆದಾಕ್ಷಣ ತಮ್ಮ ಕೆಲಸ ಮುಗಿಯಿತೆಂದು ಕೋವಿಯನ್ನು ನಿಲ್ಲಿಸಿಬಿಡುತ್ತಾರೆ. ಹಕ್ಕಿ ಮುಂದೆ, ಚರೆ ಹಿಂದೆ. ಇನ್ನು ಕೆಲವರು ಕೆನ್ನೆಯ ಪಕ್ಕದಲ್ಲೇ ರಂಜಕ ಭಗ್ಗೆಂದದ್ದಕ್ಕೆ ಬೆಚ್ಚಿ ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚಿದವನ ಕೋವಿ ಎತ್ತ ನೋಡುತ್ತದೆಂದು ಅವನಿಗೂ ಗೊತ್ತಿರುವುದಿಲ್ಲ, ಹಕ್ಕಿಗೂ ಗೊತ್ತಿರುವುದಿಲ್ಲ.

ಬೇಟೆಗಾರನ ಅಪ್ಪ ಮಗನಿಗೆ ಕೋವಿ ಕೊಟ್ಟ ಮೊದಲ ವರ್ಷ ಚರೆ ಮುಟ್ಟಗೊಡಲಿಲ್ಲ. ನಳಿಗೆ ಖಾಲಿ. ಬಟ್ಟಲಲ್ಲಿ ರಂಜಕ ಮಾತ್ರ. ಅಪ್ಪ ಹೆಂಚಿನ ಚೂರೊಂದನ್ನು ಮೇಲಕ್ಕೆ ಎಸೆಯುತ್ತಿದ್ದ. ಮಗ ಕುದುರೆ ಎಳೆಯುತ್ತಿದ್ದ. ರಂಜಕ ಭಗ್ಗೆನ್ನುತ್ತಿತ್ತು, ಈಡಿಲ್ಲ. ಆದರೂ ಕಣ್ಣು ತೆರೆದೇ ಇರಬೇಕು, ಚೂರು ನೆಲಕ್ಕೆ ಬೀಳುವ ತನಕ ನಳಿಗೆ ಅದರ ಜೊತೆಗೇ ಹೋಗುತ್ತಿರಬೇಕು. ರೆಪ್ಪೆ ಅಲುಗಿದರೆ ಅಪ್ಪ ಇನ್ನೊಂದು ಚೂರು ಎಸೆಯುತ್ತಿದ್ದ. ಊರಿನ ಹಳೆಯ ಹೆಂಚೆಲ್ಲ ಆ ಒಂದು ವರ್ಷದಲ್ಲೇ ಪುಡಿಯಾಯಿತೆಂದು ಜನ ನಗುತ್ತಿದ್ದರು.

ನಗಲಿ. ಆ ಮಗ ಕಲಿತದ್ದನ್ನು ಆ ಸೀಮೆಯಲ್ಲಿ ಇನ್ನೊಬ್ಬ ಕಲಿಯಲಿಲ್ಲ. ನಲವತ್ತು ವರ್ಷ ಅವನ ಕಣ್ಣು ಬೆಂಕಿಗೆ ಮುಚ್ಚಲಿಲ್ಲ.

ಸಂಪಿಯೂ ಅವನಿಗೆ ಸರಿಜೋಡಿ. ಅದರದು ದೊಡ್ಡ ಜಾತಿಯಲ್ಲ, ಬೀದಿಯಲ್ಲಿ ಹುಟ್ಟಿದ ನಾಯಿ. ಆದರೆ ಮೂಗು ಎಂದರೆ ಮೂಗು. ಹುಲ್ಲಿನಲ್ಲಿ ತಲೆ ತಗ್ಗಿಸಿ ಓಡಾಡುತ್ತಾ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಮುಂಗಾಲು ಒಂದು ಮೇಲೆ, ಬಾಲ ನೆಟ್ಟಗೆ, ಮೂಗು ಪೊದೆಯ ಕಡೆಗೆ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗೆ. ಅದಕ್ಕೆ ನಿಲುವು ಎನ್ನುತ್ತಿದ್ದರು. ಸಂಪಿ ನಿಲುವು ಹಿಡಿಯಿತೆಂದರೆ ಆ ಪೊದೆಯಲ್ಲಿ ಹಕ್ಕಿ ಇದೆ, ಅದರಲ್ಲಿ ಎರಡು ಮಾತಿಲ್ಲ. ಯಜಮಾನ ಬಂದು ತಾನೇ ಕಾಲಿಟ್ಟು ಹಕ್ಕಿ ಎಬ್ಬಿಸುವ ತನಕ ಅದು ಕದಲುತ್ತಿರಲಿಲ್ಲ. ಒಮ್ಮೆ ಬೇಟೆಗಾರ ಕಾಲಿಗೆ ಹೊಕ್ಕ ಜಾಲಿಮುಳ್ಳು ಕೀಳುತ್ತಾ ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಕೂತಿದ್ದ. ಅಷ್ಟೂ ಹೊತ್ತು ಸಂಪಿ ಎತ್ತಿದ ಕಾಲು ಇಳಿಸದೆ ಕಾದಿತ್ತು. ಅಂಥ ನಾಯಿ ಸಿಗುವುದು ಪುಣ್ಯ. ಅದಕ್ಕೆ ತಕ್ಕ ಯಜಮಾನ ಸಿಗುವುದು ನಾಯಿಯ ಪುಣ್ಯ.

ಹೀಗಿರುವಾಗ ಆ ನಾಡಿಗೆ ಒಬ್ಬ ವ್ಯಾಪಾರಿ ಬಂದ. ಕೆಟ್ಟವನಲ್ಲ. ದೊಡ್ಡ ಹೊಟ್ಟೆ, ದೊಡ್ಡ ನಗು, ಬಾಯಿ ಸ್ವಲ್ಪ ಸಡಿಲ. ಕರಾವಳಿಯ ಬಂದರಿನಿಂದ ಹೊಸ ಮಾದರಿಯ ಕೋವಿಯೊಂದನ್ನು ತರಿಸಿದ್ದ. ಅದಕ್ಕೆ ಕಲ್ಲೂ ಬೇಡ, ರಂಜಕವೂ ಬೇಡ. ಬೆರಳುಗುರಿನಷ್ಟು ಒಂದು ತಾಮ್ರದ ಟೋಪಿ ಇಟ್ಟು ಕುದುರೆ ಎಳೆದರೆ ಸಾಕು, ಎಳೆಯುವುದೂ ಈಡೂ ಒಂದೇ. ಜನ ಅದನ್ನು ಕೇಪಿನ ಕೋವಿ ಎಂದರು. ಜೊತೆಗೆ ಎತ್ತರವಾದ, ನೋಡಲು ಬಲು ಚೆಂದದ ಬಿಳಿ ನಾಯಿಯೊಂದನ್ನೂ ಸಾಕಿದ್ದ. ತನ್ನ ತಟ್ಟೆಯಿಂದಲೇ ಅದಕ್ಕೆ ತುತ್ತು ಹಾಕುತ್ತಿದ್ದ.

ಇಷ್ಟೆಲ್ಲ ಇದ್ದ ಮೇಲೆ ಅವನಿಗೆ ಕಾವಲಿನ ಮೇಲೆ ಕಣ್ಣು ಬಿತ್ತು. ನಾಯಕನ ಬಳಿ ಹೋಗಿ ಕೇಳಿದ. ನಾಯಕನಿಗೂ ಹೊಸ ಕೋವಿಯ ಮೇಲೆ ಮೋಹ. ಹಾಗೆಂದು ಮೂರು ತಲೆಮಾರಿನ ಮನೆಯನ್ನು ಸುಮ್ಮನೆ ಕೈಬಿಡುವುದಕ್ಕೂ ಮನಸ್ಸಿಲ್ಲ. ಅವನು ಒಂದು ಪಂದ್ಯ ಕಟ್ಟಿದ.

ಇಬ್ಬರಿಗೂ ಒಂದೊಂದು ಹಕ್ಕಿ, ಒಂದೊಂದೇ ಈಡು. ಬೇಟೆಗಾರ ಹಕ್ಕಿ ಉರುಳಿಸಿದರೆ, ವ್ಯಾಪಾರಿ ಉರುಳಿಸಲಿ ಬಿಡಲಿ, ವೀಳ್ಯ ಹಳೆಯ ಮನೆಗೇ. ಬೇಟೆಗಾರ ತಪ್ಪಿದರೆ ಕಾವಲು ವ್ಯಾಪಾರಿಗೆ, ಚಕಮಕಿ ಕೋವಿ ಅರಮನೆಯ ಗೋಡೆಗೆ. ಒಬ್ಬ ಹೊಡೆಯುವಾಗ ಇನ್ನೊಬ್ಬ ತನ್ನ ನಾಯಿಯನ್ನು ಹಗ್ಗ ಹಾಕಿ ಹಿಡಿದಿರಬೇಕು. ಬಿಟ್ಟ ನಾಯಿ ಈಡಿಗೆ ಸಿಕ್ಕಿ ಸತ್ತರೆ ಹೊಡೆದವನ ಮೇಲೆ ಮಾತಿಲ್ಲ. ಈ ಕೊನೆಯದು ಹೊಸದೇನಲ್ಲ, ಆ ಸೀಮೆಯ ಬೇಟೆಗಾರರಲ್ಲಿ ಹಿಂದಿನಿಂದ ಇದ್ದ ಕಟ್ಟಳೆ.

ಬೇಟೆಗಾರ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಆ ವಯಸ್ಸಿನಲ್ಲಿ ಇನ್ನೊಂದು ಕಸುಬು ಕಲಿಯುವಂತಿರಲಿಲ್ಲ. ಕೋವಿ ಗೋಡೆಗೆ ಹೋದರೆ ಮನೆಯ ಅನ್ನವೂ ಅದರ ಹಿಂದೆಯೇ ಹೋದಂತೆ. ಅದಕ್ಕಿಂತ ಹೆಚ್ಚಾಗಿ, ತಾನು ಬಲ್ಲ ಒಂದೇ ಒಂದು ವಿದ್ಯೆ ತನ್ನ ಕಣ್ಣೆದುರಿಗೇ ಕೆಲಸಕ್ಕೆ ಬಾರದ್ದು ಅನ್ನಿಸಿಕೊಳ್ಳುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ.

ಪಂದ್ಯದ ಬೆಳಿಗ್ಗೆ ಅರ್ಧ ಊರು ಕಾವಲಿನ ಅಂಚಿನಲ್ಲಿ ಸೇರಿತ್ತು. ಬೇಟೆಗಾರ ಒಂದು ಬಂಡೆಯ ಮೇಲೆ ಕೂತು, ಚಕಮಕಿ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಬಿಗಿದು, ಉಕ್ಕಿನ ತಗಡನ್ನು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದ. ವ್ಯಾಪಾರಿ ಬಂದು ಎದುರಿಗೆ ನಿಂತ.

“ಏನಜ್ಜ, ಬೇಟೆಗೆ ಬಂದೀಯೋ, ಒಲೆ ಹಚ್ಚಾಕೆ ಬಂದೀಯೋ? ಆ ಕಲ್ಲು ನಿನ್ನ ಹೆಂಡ್ತಿಗಾದ್ರೂ ಕೊಡು, ಬೆಳಗಾಗೆದ್ದು ಬೆಂಕಿ ಮಾಡಾಕೆ ಬರ್ತತಿ.”

ಜನ ಗೊಳ್ಳೆಂದು ನಕ್ಕರು. ನಾಯಕನೂ ಮೀಸೆಯ ಅಡಿಯಲ್ಲಿ ನಕ್ಕ.

ಬೇಟೆಗಾರನ ಮೈ ಉರಿದುಹೋಯಿತು. ಅಪ್ಪನ ಕೋವಿಗೆ ಅಂದದ್ದನ್ನು ತಡೆದುಕೊಳ್ಳಬಹುದಿತ್ತು. ಮನೆಯಲ್ಲಿದ್ದ ಹೆಂಡತಿಯನ್ನು ಅಷ್ಟು ಜನರ ನಡುವೆ ಎಳೆದು ತಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ಆ ಬೆಳಿಗ್ಗೆ ಬೇಗನೆ ಎದ್ದು ಬುತ್ತಿ ಕಟ್ಟಿಕೊಟ್ಟಿದ್ದಳು. ಅವನು ಬಾಯಿ ತೆರೆದರೆ ಕೆಟ್ಟ ಮಾತು ಬರುತ್ತಿತ್ತು. ಹಾಗಾಗಿ ತೆರೆಯಲಿಲ್ಲ. ಸಿಟ್ಟು ಮಾತ್ರ ಆರಲಿಲ್ಲ. ಅದನ್ನು ಎದೆಯಲ್ಲಿ ಇಟ್ಟುಕೊಂಡೇ ಅವನು ಗಜ ತೆಗೆದು ಮದ್ದು ಗಿಡಿದ.

ಇಲ್ಲಿ ಕರಿಸಿದ್ಧ ಅಕ್ಕಿಯಿಂದ ಕೈ ತೆಗೆದು ಗುರುಗಳ ಮುಖ ನೋಡಿದ. ಗುರುಗಳು ಮೊರವನ್ನು ಅವನ ಕಡೆಗೆ ತಳ್ಳಿ ಮುಂದುವರಿಸಿದರು.

ಮೊದಲ ಸರದಿ ವ್ಯಾಪಾರಿಯದು. ಬಿಳಿ ನಾಯಿ ಬಾಣದಂತೆ ಓಡಿತು. ಮೂರು ಪೊದೆ ಸುತ್ತಿ ನಾಲ್ಕನೆಯದರ ಮುಂದೆ ನಿಂತಿತು. ನಿಲುವು ಅಷ್ಟು ಗಟ್ಟಿಯಲ್ಲ, ಬಾಲ ಅಲುಗುತ್ತಿತ್ತು. ಯಜಮಾನ ಬಂದು ಸೇರುವ ಮೊದಲೇ ತಾನೇ ನುಗ್ಗಿ ಹಕ್ಕಿ ಎಬ್ಬಿಸಿತು. ಆದರೂ ಹಕ್ಕಿ ನೇರವಾಗಿ ಮೇಲೆದ್ದಿತು. ವ್ಯಾಪಾರಿ ಕುದುರೆ ಎಳೆದ. ಹಕ್ಕಿ ಬಿತ್ತು. ಜನ ಸಿಳ್ಳೆ ಹಾಕಿದರು. ಹತ್ತು ಜನ ಅವನನ್ನು ಮುತ್ತಿಕೊಂಡು ಹೊಸ ಕೋವಿಯನ್ನು ಮುಟ್ಟಿ ನೋಡಿದರು. ಅವನು ನಾಯಿಯ ಕೊರಳಿಗೆ ಹಗ್ಗ ಹಾಕಿ, ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಒಬ್ಬೊಬ್ಬರಿಗೂ ಕೋವಿಯ ವಿಷಯ ಹೇಳುತ್ತಾ ನಿಂತ.

ಆಮೇಲೆ ಬೇಟೆಗಾರ ಎದ್ದ. “ಹೂಂ, ನಡಿಯವ್ವ” ಎಂದ ಸಂಪಿಗೆ, ಅಷ್ಟೆ.

ಸಂಪಿ ಓಡಲಿಲ್ಲ. ನಡೆಯಿತು. ಗಾಳಿಗೆ ಎದುರಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಲ್ಲು ಮೂಸುತ್ತಾ ಹೋಯಿತು. ಮುದುಕ ಹತ್ತು ಹೆಜ್ಜೆ ಹಿಂದೆ. ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತಿದ್ದುದನ್ನು ನೋಡಿದವರಿಗೆ ಅದೊಂದು ಪೂಜೆಯ ಹಾಗೆ ಕಂಡಿತಂತೆ. ನನಗೆ ಹೇಳಿದವರು ಹಾಗೆಯೇ ಹೇಳಿದರು, ನಾನೂ ಹಾಗೆಯೇ ಹೇಳುತ್ತಿದ್ದೇನೆ.

ಒಂದು ಕಾರೆಮುಳ್ಳಿನ ಪೊದೆಯ ಮುಂದೆ ಸಂಪಿ ನಿಂತಿತು. ಕಾಲು ಎತ್ತಿತು. ಬಾಲ ನೆಟ್ಟಗಾಯಿತು. ಬೇಟೆಗಾರ ಬಟ್ಟಲಿಗೆ ಹೊಸ ರಂಜಕ ಹಾಕಿ ಮುಚ್ಚಿದ. ಕೋವಿಯನ್ನು ಎದೆಯ ಮಟ್ಟಕ್ಕೆ ತಂದ. ಎಡಗಾಲು ಎತ್ತಿ ಪೊದೆಯ ಬುಡಕ್ಕೆ ಇಟ್ಟ.

ಹಕ್ಕಿ ಬರ್ರೆಂದು ಎದ್ದಿತು. ಮೇಲಕ್ಕಲ್ಲ. ಹುಲ್ಲಿನ ತುದಿಗೆ ತಾಗಿಕೊಂಡಂತೆ, ಎಡದಿಂದ ಬಲಕ್ಕೆ, ತಗ್ಗಿನಲ್ಲಿ ಹಾರಿತು. ಗೌಜಲಿನ ಈಡುಗಳಲ್ಲಿ ಅದು ಎಲ್ಲಕ್ಕಿಂತ ಕಷ್ಟದ್ದು. ಬೇಟೆಗಾರನಿಗೆ ಅಂಥದ್ದೇ ಇಷ್ಟ. ಕೋವಿ ಭುಜಕ್ಕೆ ಬಂತು. ನಳಿಗೆ ಹಕ್ಕಿಯನ್ನು ಹಿಡಿಯಿತು, ದಾಟಿತು, ಒಂದು ಮಾರು ಮುಂದೆ ಹೋಯಿತು. ಅವನು ಕುದುರೆ ಎಳೆದ. ಕಲ್ಲು ಬಡಿಯಿತು. ಕಿಡಿ ಹಾರಿತು. ರಂಜಕ ಭಗ್ಗೆಂದಿತು.

ಆಗ ಬಲಗಡೆಯ ಹುಲ್ಲಿನಿಂದ ಬಿಳಿ ನಾಯಿ ನೆಗೆಯಿತು.

ಮಾತಿನ ಭರದಲ್ಲಿ ವ್ಯಾಪಾರಿ ಕೈ ಬೀಸಿದ್ದ, ಹಗ್ಗ ಸಡಿಲವಾಗಿತ್ತು, ನಾಯಿ ಜಾರಿಸಿಕೊಂಡು ಬಂದಿತ್ತು. ಅದಕ್ಕೆ ಪಂದ್ಯ ಏನು ಗೊತ್ತು? ಹಕ್ಕಿ ಕಂಡಿತು, ಬಾಯಿ ಹಾಕಲು ಹಾರಿತು. ಹಕ್ಕಿ, ನಾಯಿ, ನಳಿಗೆಯ ಬಾಯಿ, ಮೂರೂ ಒಂದೇ ಗೆರೆಯಲ್ಲಿ ಬಂದವು.

ಬೇಟೆಗಾರನ ಕಣ್ಣು ತೆರೆದಿತ್ತು. ಆದ್ದರಿಂದ ಅವನು ಎಲ್ಲವನ್ನೂ ನೋಡಿದ. ನಾಯಿಯ ತೆರೆದ ಬಾಯಿ ನೋಡಿದ. ಅದರ ಕೊರಳಲ್ಲಿ ತೂಗುತ್ತಿದ್ದ ಹಗ್ಗ ನೋಡಿದ. ಎದೆಯೊಳಗೆ ಬೆಳಗಿನ ಮಾತೂ ಇತ್ತು, ಅದನ್ನೂ ನೋಡಿದ. ಬಿಟ್ಟ ನಾಯಿ ಸತ್ತರೆ ಮಾತಿಲ್ಲ. ಕೋವಿ ಇದ್ದ ಹಾಗೆಯೇ ಇದ್ದರೆ ಸಾಕು, ಅವನು ಏನೂ ಮಾಡಬೇಕಾಗಿರಲಿಲ್ಲ. ನಾಯಿಯೂ ಬೀಳುತ್ತಿತ್ತು, ಹಕ್ಕಿಯೂ ಬೀಳುತ್ತಿತ್ತು, ಕಾವಲು ಉಳಿಯುತ್ತಿತ್ತು, ಆ ದೊಡ್ಡ ನಗುವೂ ನಿಲ್ಲುತ್ತಿತ್ತು.

ಅವನು ಕೋವಿಯ ಮೂತಿ ಎತ್ತಿದ.

ಈಡು ಆಕಾಶಕ್ಕೆ ಹೋಯಿತು. ಹೊಗೆ ಕವಿಯಿತು. ಆಚೆಯ ಜಾಲಿಮರದ ಮೇಲೆ ಚರೆ ಪಟಪಟ ಉದುರಿತು. ಹೊಗೆ ಕರಗಿದಾಗ ಹಕ್ಕಿ ಕಾವಲಿನ ಆ ತುದಿಯಲ್ಲಿ ಇಳಿಯುತ್ತಿತ್ತು. ಬಿಳಿ ನಾಯಿ ಹುಲ್ಲಿನಲ್ಲಿ ನಿಂತು ಪೆಚ್ಚಾಗಿ ಎಲ್ಲರ ಮುಖ ನೋಡುತ್ತಿತ್ತು. ಸಂಪಿ ಎತ್ತಿದ ಕಾಲನ್ನು ಇನ್ನೂ ಇಳಿಸಿರಲಿಲ್ಲ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾಯಿ ಅಡ್ಡ ಬಂತು, ಇದು ಲೆಕ್ಕಕ್ಕಿಲ್ಲ, ಮುದುಕನಿಗೆ ಇನ್ನೊಂದು ಈಡು ಕೊಡಬೇಕು ಎಂದು ಕೂಗಿದರು. ಬೆಳಿಗ್ಗೆ ನಕ್ಕವರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ನಾಯಕ ಕೈ ಎತ್ತಿ ಸುಮ್ಮನಾಗಿಸಿದ.

“ಜನ ಹೇಳಾದು ಸರಿ ಐತಿ. ನಾಯಿ ಅಡ್ಡ ಬಂದು ಕೆಡಿಸ್ತು ಅಂತ ಒಂದು ಮಾತು ನಿನ್ನ ಬಾಯಾಗೆ ಬರ್ಲಿ. ಇನ್ನೊಂದು ಈಡು ಕೊಡ್ತೀನಿ.”

ಬೇಟೆಗಾರ ಕೋವಿಯನ್ನು ನೆಲಕ್ಕೆ ಊರಿ ನಿಂತಿದ್ದ. ಆಸೆ ಆಗಲಿಲ್ಲವೆಂದಲ್ಲ. ಒಂದೇ ಒಂದು ಮಾತು, ಅದೂ ಸುಳ್ಳಲ್ಲ. ಬುತ್ತಿ ಕಟ್ಟಿದ ಕೈ ಅವನ ಕಣ್ಣ ಮುಂದೆ ಬಂತು. ಅವನು ಬಿಳಿ ನಾಯಿಯ ಕಡೆ ಒಮ್ಮೆ ನೋಡಿ ಹೇಳಿದ.

“ನಾಯಿ ಅಡ್ಡ ಬಂದಿದ್ದು ನಿಜ, ದೊರೆ. ಆದ್ರೆ ಈಡು ಕೆಡಿಸಿದ್ದು ನಾಯಿ ಅಲ್ಲ. ಮೂತಿ ಎತ್ತಿದ್ದು ನನ್ನ ಕೈ. ನನ್ನ ಕೈಯಾರೆ ಎತ್ತಿ, ಅದನ್ನ ಒಂದು ಮೂಕಪ್ರಾಣಿ ಮ್ಯಾಲೆ ಹೆಂಗ್ ಹಾಕ್ಲಿ? ನನ್ನ ಈಡು ನಾನು ಹೊಡೆದಾತು.”

ನಾಯಕ ಅವನನ್ನೇ ನೋಡಿದ. ಮಾತು ಕೊಟ್ಟಾಗಿತ್ತು. ಹಿಂದೆಗೆಯುವ ದಾರಿಯನ್ನು ತೋರಿಸಿಯೂ ಆಗಿತ್ತು. ಮುದುಕ ಆ ದಾರಿ ಹಿಡಿಯಲಿಲ್ಲ. ವೀಳ್ಯ ವ್ಯಾಪಾರಿಯ ಕೈಗೆ ಹೋಯಿತು. ಬೇಟೆಗಾರ ಅಲ್ಲೇ ಬಂಡೆಯ ಮೇಲೆ ಕೂತು, ನಳಿಗೆಗೆ ನೀರು ಹೊಯ್ದು ತೊಳೆದು, ಬಟ್ಟಲಿನ ಮಸಿ ಕೆರೆದು, ಎಣ್ಣೆ ಸವರಿ, ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ನಾಯಕನಿಗೆ ಒಪ್ಪಿಸಿದ. ಕೊಳೆ ಕೋವಿ ಯಾರಿಗೂ ಕೊಟ್ಟವನಲ್ಲ ಅವನು. ಅದು ನಾಯಕನ ಕೈಗೆ ಹೋದಾಗ ಅವನ ಕಣ್ಣಲ್ಲಿ ನೀರು ಬಂತು. ಬಂದದ್ದನ್ನು ಅವನು ಮರೆಮಾಡಲೂ ಇಲ್ಲ.

ವ್ಯಾಪಾರಿ ವೀಳ್ಯ ಹಿಡಿದು ನಿಂತೇ ಇದ್ದ. ನಗು ಎಲ್ಲಿ ಹೋಗಿತ್ತೋ. ನಾಯಿ ಬಂದು ಅವನ ಕಾಲಿಗೆ ಮೈ ಉಜ್ಜುತ್ತಿತ್ತು. ಅವನು ಮುದುಕನ ಹತ್ತಿರ ಬಂದ.

“ಅಜ್ಜ, ಕಲ್ಲು ಬಡಿದಿದ್ದು ನಾನೇ ಕಣ್ಣಾರೆ ಕಂಡೆ. ಬೆಂಕಿ ಹತ್ತಿದ್ದೂ ಕಂಡೆ. ಬೆಂಕಿ ಹತ್ತಿದ ಮ್ಯಾಲೆ ಯಾರ ಕೈಯಾಗೆ ಏನೈತಿ? ನೀನು ಹೆಂಗ್ ತಡೆದಿ?”

“ತಡೀಲಿಲ್ಲ, ಸಾವ್ಕಾರ್ರೇ. ಅದನ್ನ ತಡೆಯಾಕೆ ಬರಂಗಿಲ್ಲ. ಹತ್ತಿದ್ದು ಹೊರಗ ಬರಾದೇಯ. ಅದು ಎತ್ತ ಹೋಗ್ಬೇಕು ಅನ್ನಾಕೆ ಒಂಚೂರು ಹೊತ್ತು ಇರ್ತತಿ. ಬ್ಯಾರೇರು ಆ ಹೊತ್ತಿಗೆ ಕಣ್ಣು ಮುಚ್ಕಂತಾರ. ನಾನು ನಲವತ್ತು ವರ್ಷ ಅದ್ರಾಗೇ ಬದುಕೀನಿ.”

ವ್ಯಾಪಾರಿ ತನ್ನ ಹೊಸ ಕೋವಿ ನೋಡಿದ. ನಾಯಿಯನ್ನು ನೋಡಿದ. ಇದೇ ಈಡು ತನ್ನ ಕೋವಿಯದಾಗಿದ್ದರೆ ನಾಯಿ ಈಗ ಎಲ್ಲಿರುತ್ತಿತ್ತು ಎಂದು ಅವನಿಗೆ ಹೊಳೆದಿರಬೇಕು. ಮುಖ ಬಿಳಿಚಿತು. ಅವನು ಬಗ್ಗಿ, ಆ ಹೊಟ್ಟೆ ಇಟ್ಟುಕೊಂಡು ಕಷ್ಟಪಟ್ಟು ಬಗ್ಗಿ, ಅಷ್ಟು ಜನರ ಮುಂದೆ ಮುದುಕನ ಕಾಲು ಮುಟ್ಟಿದ. “ನಿನ್ನ ಹೆಂಡ್ತಿಗೆ ಅಂದಿದ್ದು ತಪ್ಪಾತು” ಎಂದ.

ಮರುದಿನ ಅವನು ಅರಮನೆಗೆ ಹೋದ. ಕಾವಲನ್ನು ಹಿಂದಕ್ಕೆ ಕೊಡುತ್ತೇನೆಂದ. ನಾಯಕ, ಆಡಿದ ಪಂದ್ಯ ಆಡಿಯಾಯಿತು ಎಂದು ಒಪ್ಪಲಿಲ್ಲ. ಹಾಗಾದರೆ ಆ ಕೋವಿಯನ್ನಾದರೂ ಗೋಡೆಯಿಂದ ಇಳಿಸಿ ತನಗೆ ಕೊಡಿ ಎಂದ. ಅದಕ್ಕೆ ನಾಯಕ ಒಪ್ಪಿದ. ವ್ಯಾಪಾರಿ ಅದನ್ನು ಹೊತ್ತುಕೊಂಡು ನೇರವಾಗಿ ಬೇಟೆಗಾರನ ಮನೆಗೆ ಹೋಗಿ ಅಂಗಳದಲ್ಲಿ ನಿಂತು, “ಕಲಿಸು” ಎಂದ.

ಮುದುಕ ಅವನಿಗೆ ಒಂದು ವರ್ಷ ಚರೆ ಮುಟ್ಟಗೊಡಲಿಲ್ಲ. ದಿನ ಬೆಳಗಾದರೆ ಖಾಲಿ ನಳಿಗೆ, ಚಿಟಿಕೆ ರಂಜಕ, ಹೆಂಚಿನ ಚೂರು. ರಂಜಕ ಭಗ್ಗೆಂದಾಗಲೆಲ್ಲ ವ್ಯಾಪಾರಿ ಕಣ್ಣು ಮುಚ್ಚುತ್ತಿದ್ದ. ಒಳಗಿನಿಂದ ಮುದುಕಿ, “ಮತ್ತೆ ಮುಚ್ಚಿದ್ರು!” ಎಂದು ಕೂಗಿ ಹೇಳುತ್ತಿದ್ದಳು. ವರ್ಷ ತುಂಬುವ ಹೊತ್ತಿಗೆ ಅವನ ಹುಬ್ಬಿನ ಕೂದಲು ಸುಟ್ಟಿತ್ತು, ಹೊಟ್ಟೆ ಅರ್ಧ ಕರಗಿತ್ತು, ಕಣ್ಣು ತೆರೆದಿತ್ತು. ಆ ವರ್ಷವೂ ಮುಂದೆಯೂ ಕಾವಲಿಗೆ ಅವರು ಇಬ್ಬರೂ ಒಟ್ಟಿಗೇ ಹೋದರು. ಹಕ್ಕು ವ್ಯಾಪಾರಿಯದು, ಮುಂದೆ ನಡೆಯುವವನು ಮುದುಕ. ಬಿಳಿ ನಾಯಿ ಸಂಪಿಯ ಪಕ್ಕದಲ್ಲಿ ನಿಂತು ನಿಲುವು ಕಲಿಯಿತು ಎಂದು ಹೇಳುತ್ತಾರೆ. ಸಂಪಿಯಷ್ಟು ಕಲಿಯಲಿಲ್ಲವಂತೆ. ಅಷ್ಟು ಯಾರು ಕಲಿಯುತ್ತಾರೆ?

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಅಕ್ಕಿ ಹಸನಾಗಿತ್ತು.

ಕತೆ ಕರಿಸಿದ್ಧನಿಗೆ ಹಿಡಿಸಿತ್ತು. ಮುದುಕನ ಮೇಲೆ ಅವನಿಗೆ ಗೌರವ ಬಂದಿತ್ತು. ಆದರೆ ಓದಿದವನು, ವಾದ ಬಿಡುವುದು ಸುಲಭವಲ್ಲ.

“ಗುರುಗಳೇ, ಆ ಬೇಟೆಗಾರ ದೊಡ್ಡವನು, ಒಪ್ಪುತ್ತೇನೆ. ಆದರೆ ಅವನ ಕೋವಿ ಚಕಮಕಿಯದು. ಕಿಡಿಗೂ ಈಡಿಗೂ ನಡುವೆ ಅವನಿಗೆ ಒಂದು ರೆಪ್ಪೆ ಬಡಿತದಷ್ಟಾದರೂ ಹೊತ್ತಿತ್ತು. ನನ್ನ ಸಿಟ್ಟು ಕೇಪಿನ ಕೋವಿಯಂಥದ್ದು. ನನಗೆ ಅಷ್ಟೂ ಇರಲಿಲ್ಲ.”

ಗುರುಗಳು ಮೊರವನ್ನು ಕೆಳಗಿಟ್ಟು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದರು.

“ಸೌದೆ ಒಟ್ಟಿರುವುದು ಹಿತ್ತಲಿನ ಆಚೆ ತುದಿಯಲ್ಲಿ, ಆ ತುಂಡನ್ನು ತರಲು ಅಡುಗೆಮನೆಯಿಂದ ಅಲ್ಲಿಗೆ ಹೋಗಿ ಬರುವಾಗ ಎಷ್ಟು ಹೆಜ್ಜೆ ಇಟ್ಟೆ, ಕರಿಸಿದ್ಧ?”